ಊಟದ ಹೊತ್ತಿನ ಹತ್ತು ನಿಮಿಷ

ಮದ್ರಾಸಿನ ಪೆರಂಬೂರಿನಲ್ಲಿದ್ದ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳಲ್ಲಿ ನೂರು ವರ್ಷಗಳ ಹಿಂದೆ ಮಧ್ಯಾಹ್ನದ ಊಟಕ್ಕೆ ಸಿಗುತ್ತಿದ್ದ ಬಿಡುವು 30 ನಿಮಿಷ. ಅಷ್ಟರಲ್ಲೇ ಹತ್ತಿಯ ಧೂಳು ಮೆತ್ತಿದ ಕೈಕಾಲು ತೊಳೆಯಬೇಕು, ಸಾವಿರಾರು ಜನರ ನಡುವೆ ಕೂರಲು ಜಾಗ ಹುಡುಕಬೇಕು, ಬುತ್ತಿ ಬಿಚ್ಚಿ ಉಣ್ಣಬೇಕು, ತಿರುಗಿ ಬಂದು ಮಗ್ಗದ ಮುಂದೆ ನಿಲ್ಲಬೇಕು. ತಡವಾದರೆ ಕೂಲಿಗೆ ಕತ್ತರಿ. 1918ರ ಏಪ್ರಿಲ್ 27ರಂದು ಬಿ.ಪಿ. ವಾಡಿಯಾ ಅವರ ಅಧ್ಯಕ್ಷತೆಯಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು. ಅದಕ್ಕೆ ಓಡಾಡಿದವರು ಸೆಲ್ವಪತಿ ಚೆಟ್ಟಿಯಾರ್, ರಾಮಾನುಜುಲು ನಾಯ್ಡು ಎಂಬ ಇಬ್ಬರು ಸಣ್ಣ ವ್ಯಾಪಾರಿಗಳು. ದೇಶದ ಮೊದಲ ಕ್ರಮಬದ್ಧ ಕಾರ್ಮಿಕ ಸಂಘವೆಂದು ಚರಿತ್ರೆಕಾರರು ಅದನ್ನು ಎಣಿಸುತ್ತಾರೆ. ಗಿರಣಿಯವರು ಕೇಳಿದ್ದು ಕೂಲಿಯನ್ನಷ್ಟೇ ಅಲ್ಲ. ಊಟದ ಬಿಡುವು 40 ನಿಮಿಷ ಆಗಬೇಕು ಎಂಬುದೂ ಅವರ ಮೊದಮೊದಲ ಬೇಡಿಕೆಗಳಲ್ಲಿತ್ತು. ಇನ್ನೊಂದು ಹತ್ತು ನಿಮಿಷ, ಅಷ್ಟೆ.

ಕೆಲಸಕ್ಕೂ ಸ್ವಂತ ಬದುಕಿಗೂ ನಡುವೆ ಗೆರೆ ಎಳೆದುಕೊಳ್ಳುವುದು ಹೇಗೆ ಎಂದು ಈಗ ಬಹಳ ಜನ ಹೇಳಿಕೊಡುತ್ತಾರೆ. ರಾತ್ರಿ ಫೋನಿನ ಸದ್ದು ನಿಲ್ಲಿಸಿ, ‘ಆಗುವುದಿಲ್ಲ’ ಎನ್ನಲು ಕಲಿಯಿರಿ, ಬೆಳಿಗ್ಗೆ ಎದ್ದು ಧ್ಯಾನ ಮಾಡಿ. ಸಲಹೆಗಳು ತಪ್ಪೇನಲ್ಲ, ನಾನೂ ಕೆಲವನ್ನು ಪಾಲಿಸುತ್ತೇನೆ. ಆದರೆ ಗೆರೆ ಎಳೆಯುವ ಬಳಪ ನೌಕರನ ಕೈಯಲ್ಲೇ ಇದೆ, ಅವನು ಮನಸ್ಸು ಮಾಡುವುದೊಂದೇ ಬಾಕಿ ಎಂದು ಇವೆಲ್ಲ ನಂಬಿಕೊಂಡಿವೆ. ಮೂವತ್ತು ವರ್ಷ ಚೆನ್ನೈಯಲ್ಲಿ ಬಾಳಿದ ಮೇಲೆ ನನಗೆ ಆ ನಂಬಿಕೆ ಉಳಿದಿಲ್ಲ. ಈ ಊರಿನಲ್ಲಿ ಯಾವ ಗೆರೆಯನ್ನೂ ಒಬ್ಬರೇ ಎಳೆದದ್ದಿಲ್ಲ. ಹತ್ತು ಜನ ಸೇರಿ ಎಳೆದರು, ಕಾಯ್ದೆ ಅದಕ್ಕೆ ಮುದ್ರೆ ಒತ್ತಿತು, ಕಾವಲು ಸಡಿಲವಾದ ಕಡೆ ಅದು ಅಳಿಸಿಹೋಯಿತು.

ಕಾಯ್ದೆಯ ದಾರಿಯನ್ನು ಚುಟುಕಾಗಿ ನೋಡಿಬಿಡೋಣ. 1911ರ ಕಾಯ್ದೆಯಂತೆ ಬಟ್ಟೆ ಗಿರಣಿಯ ಗಂಡಾಳನ್ನು ದಿನಕ್ಕೆ 12 ಗಂಟೆ ದುಡಿಸಬಹುದಿತ್ತು. 1922ರಲ್ಲಿ ವಾರಕ್ಕೆ 60 ಗಂಟೆಯ ಮಿತಿ ಬಂತು. 1934ರಲ್ಲಿ ಅದು 54ಕ್ಕೆ ಇಳಿಯಿತು, 1946ರಲ್ಲಿ 48ಕ್ಕೆ. ಆ ಹೊತ್ತಿಗೆ ವೈಸ್‌ರಾಯರ ಮಂಡಳಿಯಲ್ಲಿ ಕಾರ್ಮಿಕ ಖಾತೆಯನ್ನು ನೋಡಿಕೊಂಡಿದ್ದವರು ಅಂಬೇಡ್ಕರ್. 1948ರ ಕಾರ್ಖಾನೆ ಕಾಯ್ದೆ ಆ 48 ಗಂಟೆಯನ್ನೇ ಉಳಿಸಿಕೊಂಡಿತು; ಐದು ಗಂಟೆ ದುಡಿದವರಿಗೆ ಕನಿಷ್ಠ ಅರ್ಧ ಗಂಟೆ ಬಿಡುವು, ಹೆಚ್ಚಿನ ಗಂಟೆಗೆ ಇಮ್ಮಡಿ ಕೂಲಿ ಎಂದೂ ಹೇಳಿತು. ಭಾನುವಾರದ ರಜೆಯೂ ತಾನಾಗಿ ಬಂದದ್ದಲ್ಲ. ಮುಂಬಯಿಯ ಗಿರಣಿಗಳಲ್ಲಿ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿ 1890ರಲ್ಲಿ ಅದನ್ನು ಪಡೆದರು. ದೇಶದ ಮೊದಲ ಮೇ ದಿನವನ್ನು ಕಾರ್ಮಿಕ ಮುಖಂಡ ಸಿಂಗಾರವೇಲರು ಆಚರಿಸಿದ್ದು ಇದೇ ಮದ್ರಾಸಿನಲ್ಲಿ, 1923ರಲ್ಲಿ, ಸಮುದ್ರದ ದಂಡೆಯ ಮೇಲೆ. ಆ ಮರೀನಾದಲ್ಲಿ ಬಂಡೆಯನ್ನು ಸನ್ನೆಗೋಲಿನಿಂದ ಮೀಟುತ್ತಿರುವ ನಾಲ್ವರು ಆಳುಗಳ ಶಿಲ್ಪವನ್ನು ದೇವಿಪ್ರಸಾದ್ ರಾಯ್ ಚೌಧುರಿ ಮಾಡಿದರು. 1959ರಿಂದ ಅದು ಅಲ್ಲಿದೆ. ಗಾಳಿಗೆ ಕೂರಲು ಬಂದವರು ಅದರ ಬುಡದಲ್ಲಿ ಕಡಲೆಕಾಯಿ ತಿನ್ನುತ್ತಾರೆ. ಆ ಸಂಜೆಯನ್ನು ಅವರಿಗೆ ಕೊಡಿಸಿದವರಲ್ಲಿ ಆ ಬಂಡೆ ಮೀಟುವವರ ಪೀಳಿಗೆಯೂ ಇದೆ ಎಂದು ಅಲ್ಲಿ ಹೋದಾಗಲೆಲ್ಲ ನನಗೆ ನೆನಪಾಗುತ್ತದೆ.

ಗಿರಣಿಯವನಿಗೆ ಒಂದು ಅನುಕೂಲವಿತ್ತು. ಅವನ ಕೆಲಸಕ್ಕೆ ಗೇಟಿತ್ತು, ಸಂಜೆಯ ಕೂಗು ಇತ್ತು. ಗೇಟು ದಾಟಿದರೆ ಧಣಿಯ ಮಾತು ಅಲ್ಲಿಗೆ ಮುಗಿಯಿತು. ಧಣಿಯ ಸೂರೂ ಆಳಿನ ಸೂರೂ ಒಂದೇ ಆಗಿದ್ದ ಕಡೆ ಪಾಡು ಬೇರೆ, ಅದು ನಮ್ಮವರ ಕತೆ.

ಮದ್ರಾಸಿಗೂ ದಕ್ಷಿಣ ಕನ್ನಡಕ್ಕೂ ನಂಟು ಬೆಸೆದದ್ದು ಹೋಟೆಲು. 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲೆ ಉಡುಪಿ, ಕಾರ್ಕಳ, ಕುಂದಾಪುರ ಸೀಮೆಯ ಹುಡುಗರಿಗೆ ಮದ್ರಾಸು ಹತ್ತಿರವಾಯಿತು. ಕಡಂದಲೆಯ ಕೆ. ಕೃಷ್ಣರಾಯರು ಹೀಗೆಯೇ ಬಂದು, ಅಡುಗೆ ಮನೆಯ ಕೆಲಸದಿಂದ ಮೇಲೆದ್ದು, 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. 1962ರಲ್ಲಿ ಕೆಥೆಡ್ರಲ್ ರಸ್ತೆಯ ತೋಟದಲ್ಲಿ ಅವರ ಡ್ರೈವ್-ಇನ್ ಬಂತು. ವಕೀಲರು, ಪತ್ರಕರ್ತರು, ಔಷಧ ಕಂಪನಿಯ ಪ್ರತಿನಿಧಿಗಳು ಎಲ್ಲರಿಗೂ ಅದು ಕಚೇರಿಯೂ ಅಲ್ಲದ ಮನೆಯೂ ಅಲ್ಲದ ಒಂದು ನಡುಮನೆಯಾಗಿತ್ತು. ಒಂದು ಕಾಫಿಗೆ ಒಂದು ಗಂಟೆ ಕೂತರೂ ಏಳಿ ಎನ್ನುವವರಿರಲಿಲ್ಲ. 2008ರಲ್ಲಿ ಅದು ಮುಚ್ಚಿತು. ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ.

ಗಿರಾಕಿಗೆ ಹೋಟೆಲು ಬಿಡುವಿನ ಜಾಗ. ಮಾಣಿಗೆ? ನನ್ನ ದೊಡ್ಡಪ್ಪ 1950ರ ದಶಕದಲ್ಲಿ ಮದ್ರಾಸಿನ ಒಂದು ಹೋಟೆಲಿಗೆ ಮಾಣಿಯಾಗಿ ಸೇರಿದವರು. ಆಗ ಅವರಿಗೆ ಹದಿಮೂರು ವರ್ಷ. ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹಚ್ಚುವಾಗ ಎದ್ದರೆ ರಾತ್ರಿ ಕೊನೆಯ ಗಿರಾಕಿ ಎದ್ದು, ಗಲ್ಲಾ ಮುಚ್ಚಿ, ನೆಲ ತೊಳೆದಾದ ಮೇಲೆಯೇ ಬೆನ್ನು ನೆಲಕ್ಕೆ. ಬೆನ್ನು ಹಾಕುತ್ತಿದ್ದುದೂ ಅದೇ ಊಟದ ಹಾಲಿನಲ್ಲಿ, ಮೇಜುಗಳನ್ನು ಜೋಡಿಸಿಕೊಂಡು. ಊಟ ಧಣಿಯದು, ಚಾಪೆ ಧಣಿಯದು, ಜ್ವರ ಬಂದರೆ ಕಷಾಯವೂ ಧಣಿಯ ಮನೆಯದು. ಊರಿಗೆ ಕಾಗದ ಬರೆಯಲು ಧಣಿಗಳೇ ಇನ್‌ಲ್ಯಾಂಡ್ ಕೊಡುತ್ತಿದ್ದರಂತೆ. ದೊಡ್ಡಪ್ಪ ಆ ಧಣಿಯನ್ನು ಕೊನೆಯವರೆಗೂ ನೆನೆದದ್ದು ಪ್ರೀತಿಯಿಂದಲೇ. ‘ನಮ್ಮನ್ನು ಮಕ್ಕಳ ಹಾಗೆ ನೋಡಿಕೊಂಡರು ಮಾರಾಯ’ ಎನ್ನುತ್ತಿದ್ದರು. ಆ ಮಾತನ್ನು ನಾನು ಸುಳ್ಳೆನ್ನುವುದಿಲ್ಲ. ಅವರೇ ಹೇಳಿದ ಇನ್ನೊಂದು ಮಾತೂ ಇದೆ: ಮದ್ರಾಸಿನಲ್ಲಿ ಎಂಟು ವರ್ಷ ಇದ್ದರೂ ಸಮುದ್ರವನ್ನು ನೋಡಿದ್ದು ಮೂರೇ ಸಲ. ರಜೆ ಎಂದರೆ ವರ್ಷಕ್ಕೋ ಎರಡು ವರ್ಷಕ್ಕೋ ಊರಿಗೆ ಹೋಗುವುದು ಎಂದೇ ಅರ್ಥ. ವಾರದ ರಜೆಯ ದಿನ ಹೋಗುವುದಾದರೂ ಎಲ್ಲಿಗೆ? ಹೋಟೆಲಿನಲ್ಲೇ ಇದ್ದರೆ ‘ಒಂದು ಕೈ ಕೊಡು’ ಎಂದು ಯಾರಾದರೂ ಕರೆದೇ ಕರೆಯುತ್ತಾರೆ. ಮಗನ ಹಾಗೆ ನೋಡಿಕೊಂಡವರಿಗೆ ಇಲ್ಲ ಎನ್ನುವುದು ಹೇಗೆ?

1947ರ ಮದ್ರಾಸ್ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದಿತು. 1958ರಲ್ಲಿ ಹೋಟೆಲುಗಳಿಗೆಂದೇ ಬೇರೆ ಕಾಯ್ದೆ ಬಂತು. ಕಾಯ್ದೆ ಬಂದ ಮೇಲೂ ಒಂದೇ ಸೂರಿನ ಕೆಳಗೆ ಗಂಟೆ ಎಣಿಸುವುದು ಕಷ್ಟ. ಪ್ರೀತಿ, ಋಣ, ಅನ್ನದ ಹಂಗು ಮೂರೂ ಕೂಡಿದ ಕಡೆ ಗಡಿಯಾರ ನೋಡಿದವನೇ ಕೃತಘ್ನ ಎನಿಸಿಕೊಳ್ಳುತ್ತಾನೆ. ಇಂದಿನ ಕಂಪನಿಗಳು ‘ನಾವೆಲ್ಲ ಒಂದು ಕುಟುಂಬ’ ಎಂದು ಹೇಳುವುದನ್ನು ಕೇಳಿದಾಗ ನನಗೆ ದೊಡ್ಡಪ್ಪನ ಮೇಜುಗಳು ಕಣ್ಣ ಮುಂದೆ ಬರುತ್ತವೆ.

ಕನ್ನಡ ಸಿನಿಮಾದವರ ಪಾಡೂ ಇದೇ ಬಗೆಯದು. 1954ರ ‘ಬೇಡರ ಕಣ್ಣಪ್ಪ’ದ ಕಾಲದಿಂದ ಹಲವು ವರ್ಷ ಕನ್ನಡ ಚಿತ್ರರಂಗ ಬಾಳಿದ್ದು ಕೋಡಂಬಾಕಂ, ವಡಪಳನಿಯ ಸ್ಟುಡಿಯೋಗಳಲ್ಲಿ. ಎಷ್ಟೋ ಕಲಾವಿದರು ಸಂಸಾರವನ್ನು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಬಿಟ್ಟು ಇಲ್ಲಿ ಲಾಡ್ಜುಗಳಲ್ಲಿ ಇದ್ದರು. ಆದರೂ ಆ ಲೋಕ ಒಂದು ಒಳ್ಳೆಯ ಪದವನ್ನು ಉಳಿಸಿಕೊಂಡಿದೆ, ಕಾಲ್‌ಶೀಟ್. ನಟನಿರಲಿ ಲೈಟ್ ಬಾಯ್ ಇರಲಿ, ಕೊಟ್ಟದ್ದು ಇಷ್ಟು ಹೊತ್ತು ಎಂದು ಅಳೆಯುವ ಪದ ಅದು. ಅಳತೆ ಮೀರಿದರೆ ಇನ್ನೊಂದು ಕಾಲ್‌ಶೀಟಿನ ಲೆಕ್ಕ. ಸಾಫ್ಟ್‌ವೇರಿನವರಿಗೆ ಇಂಥ ಒಂದು ಪದವೇ ಇಲ್ಲ ಎಂಬುದು ಸಣ್ಣ ಸಂಗತಿಯಲ್ಲ.

ಧಣಿಯ ಸೂರು ಈಗಲೂ ಇದೆ; ನೋಡಲು ಟಿ. ನಗರದ ರಂಗನಾಥನ್ ಬೀದಿಗೆ ಹೋಗೋಣ. ಇಲ್ಲಿನ ಬಟ್ಟೆ ಅಂಗಡಿಗಳಲ್ಲಿ ತೆಂಕಣ ಜಿಲ್ಲೆಗಳಿಂದ ಬಂದ ಹುಡುಗ ಹುಡುಗಿಯರು ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಸೀರೆ ಬಿಚ್ಚಿ ತೋರಿಸುತ್ತಾರೆ. ರಾತ್ರಿ ಮಾಲೀಕರು ಗೊತ್ತುಮಾಡಿದ ಕೋಣೆಗಳಲ್ಲಿ ಮಲಗುತ್ತಾರೆ. ವಸಂತಬಾಲನ್ ಅವರ ‘ಅಂಗಾಡಿ ತೆರು’ ಎಂಬ 2010ರ ತಮಿಳು ಚಿತ್ರ ಈ ಬದುಕನ್ನು ಊರಿಗೆಲ್ಲ ಕಾಣಿಸಿತು. ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲ ಎಂಬ ಕಟ್ಟಳೆ ಎಷ್ಟೋ ಬಟ್ಟೆ ಅಂಗಡಿಗಳಲ್ಲಿ ಇದ್ದದ್ದೇ. ಕೋಳಿಕ್ಕೋಡಿನ ‘ಪೆಣ್‌ಕೂಟ್ಟ್’ ಎಂಬ ಹೆಂಗಸರ ಸಂಘ ಅದರ ವಿರುದ್ಧ ದನಿ ಎತ್ತಿದ ಮೇಲೆ ಕೇರಳ 2018ರಲ್ಲಿ ಕಾಯ್ದೆ ತಿದ್ದಿತು. ತಮಿಳುನಾಡು 2021ರಲ್ಲಿ ತನ್ನ ಆ 1947ರ ಕಾಯ್ದೆಗೆ ಹೊಸ ಕಲಂ ಸೇರಿಸಿತು: ಪ್ರತಿ ಅಂಗಡಿಯಲ್ಲೂ ಕೆಲಸಗಾರರಿಗೆ ಕೂರಲು ಆಸನ ಇರಲೇಬೇಕು. ಮನುಷ್ಯ ಕೂತುಕೊಳ್ಳಲು ವಿಧಾನಸಭೆಯೇ ಅಪ್ಪಣೆ ಕೊಡಬೇಕಾಯಿತು. ಸೀರೆ ಕೊಳ್ಳಲು ಹೋದಾಗ ಸ್ಟೂಲುಗಳಿವೆಯೇ ಎಂದು ನೋಡುವುದು ನನಗೀಗ ಅಭ್ಯಾಸವಾಗಿದೆ. ಕೆಲವು ಕಡೆ ಇವೆ. ಇದ್ದರೂ ಕೂತವರನ್ನು ಕಾಣುವುದು ಅಪರೂಪ.

ಶ್ರೀಪೆರಂಬದೂರಿನ ಕಡೆ ಹೋದರೆ ಇದೇ ಸೂರು ಹತ್ತು ಪಟ್ಟು ದೊಡ್ಡದಾಗಿದೆ. ಫೋನು ಜೋಡಿಸುವ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಎಳೆಯ ಹೆಣ್ಣುಮಕ್ಕಳು. ಇರುವುದು ಹಾಸ್ಟೆಲುಗಳಲ್ಲಿ, ಪಾಳಿಗೆ ಹೋಗಿಬರುವುದು ಕಂಪನಿಯ ಬಸ್ಸಿನಲ್ಲಿ. 2021ರ ಡಿಸೆಂಬರಿನಲ್ಲಿ ಹಾಸ್ಟೆಲಿನ ಊಟ ತಿಂದು ಬಹಳ ಜನ ಆಸ್ಪತ್ರೆ ಸೇರಿದಾಗ ಫಾಕ್ಸ್‌ಕಾನ್ ಕಾರ್ಖಾನೆಯ ಹೆಣ್ಣುಮಕ್ಕಳು ಚೆನ್ನೈ–ಬೆಂಗಳೂರು ಹೆದ್ದಾರಿಯಲ್ಲಿ ಕೂತರು. ಅವರ ದೂರು ಯಂತ್ರದ ಬಗ್ಗೆ ಇರಲಿಲ್ಲ, ಅನ್ನದ ಬಗ್ಗೆ, ಮಲಗುವ ಕೋಣೆಯ ಬಗ್ಗೆ ಇತ್ತು. 2024ರ ಆಗಸ್ಟಿನಲ್ಲಿ ವಲ್ಲಂ ವಡಗಾಲಿನಲ್ಲಿ 18,720 ಹಾಸಿಗೆಗಳ ವಸತಿ ಸಮುಚ್ಚಯವನ್ನು ಸರ್ಕಾರ ತೆರೆಯಿತು. ಹಳೆಯ ಕೋಣೆಗಳಿಗಿಂತ ಅದು ಎಷ್ಟೋ ಮೇಲು, ಸಂದೇಹವಿಲ್ಲ. ಆದರೆ ಕೆಲಸ ಬಿಟ್ಟ ದಿನವೇ ಹಾಸಿಗೆಯನ್ನೂ ಬಿಡಬೇಕಾದ ಹುಡುಗಿ ಮೇಲ್ವಿಚಾರಕನಿಗೆ ಎದುರಾಡುವುದು ಸುಲಭವಲ್ಲ.

ಇನ್ನು ಓಎಂಆರ್ ಎಂಬ ಐಟಿ ಕಂಪನಿಗಳ ರಸ್ತೆ. 2000ದಲ್ಲಿ ತರಮಣಿಯ ಟೈಡೆಲ್ ಪಾರ್ಕ್ ತೆರೆದ ಮೇಲೆ ಸಿರುಸೇರಿಯವರೆಗೆ ಗಾಜಿನ ಕಟ್ಟಡಗಳು ಎದ್ದವು. ಇಲ್ಲಿ ಮೊದಲ ತೊಡಕು ಭೂಗೋಳದ್ದು. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಒಂಬತ್ತಾದಾಗ ಚೆನ್ನೈಯಲ್ಲಿ ಬೇಸಿಗೆಯಲ್ಲಾದರೆ ಸಂಜೆ ಆರೂವರೆ, ಚಳಿಗಾಲದಲ್ಲಾದರೆ ಏಳೂವರೆ. ಅಲ್ಲಿಯ ಗಿರಾಕಿಯ ಶುಭೋದಯ ನಮ್ಮ ದೇವರ ದೀಪದ ಹೊತ್ತಿಗೆ ಬರುತ್ತದೆ. ಮಗುವಿನ ಹೋಂವರ್ಕು, ಅಮ್ಮನ ಬಿ.ಪಿ. ಮಾತ್ರೆ, ರಾತ್ರಿಯ ಅಡುಗೆ ಎಲ್ಲ ಬಂದು ಬೀಳುವುದೂ ಆ ಹೊತ್ತಿನಲ್ಲೇ. ಇದಕ್ಕೆ ಧ್ಯಾನ ಮದ್ದಲ್ಲ. ಕಾಲ್ ಯಾವ ಹೊತ್ತಿಗೆ ಎಂಬುದನ್ನು ಗಿರಾಕಿಯೊಡನೆ ಮಾತಾಡಿ ಗೊತ್ತುಮಾಡುವವರು ಮ್ಯಾನೇಜರು. ಒಪ್ಪಂದಕ್ಕೆ ಸಹಿ ಹಾಕುವವರು ಅವರಿಗಿಂತ ಮೇಲಿನವರು.

ಎರಡನೆಯದು ಹುದ್ದೆಯ ಹೆಸರು. ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯ ಬೇಲಿ ಆಡಳಿತದ ಸ್ಥಾನದಲ್ಲಿರುವವರಿಗೆ ಇಲ್ಲ. ಆರೇಳು ವರ್ಷ ದುಡಿದವರ ಹೆಸರಿನ ಮುಂದೆಲ್ಲ ‘ಲೀಡ್’, ‘ಮ್ಯಾನೇಜರ್’ ಎಂದು ಬೀಳುವ ಉದ್ಯಮದಲ್ಲಿ ಈ ವಿನಾಯಿತಿಯ ನೆರಳು ಎಷ್ಟು ದೂರ ಚಾಚುತ್ತದೆ ಎಂದು ಯೋಚಿಸಬೇಕು. ಕರ್ನಾಟಕದಲ್ಲಂತೂ ಐಟಿ ಕಂಪನಿಗಳಿಗೆ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದಲೇ ವಿನಾಯಿತಿ ಕೊಡುತ್ತ ಬರಲಾಗಿತ್ತು.

ಮೂರನೆಯದು ಫೋನು. ಗೇಟು, ಕೂಗು, ಪಂಚಿಂಗ್ ಎಲ್ಲವನ್ನೂ ಅದು ಒಂದೇ ಏಟಿಗೆ ಕಿತ್ತುಹಾಕಿತು. ದೊಡ್ಡಪ್ಪ ಹೋಟೆಲಿನಲ್ಲಿ ಮಲಗುತ್ತಿದ್ದರು. ಈಗ ಹೋಟೆಲೇ ಬಂದು ನಮ್ಮ ದಿಂಬಿನ ಪಕ್ಕ ಮಲಗಿದೆ. 2020ರ ಲಾಕ್‌ಡೌನಿನಲ್ಲಿ ಮನೆಯೇ ಕಚೇರಿಯಾದಾಗ ಉಳಿದಿದ್ದ ಒಂದೇ ಒಂದು ಗೆರೆ, ಹೋಗಿಬರುವ ದಾರಿ, ಅದೂ ಅಳಿಸಿತು. ಆ ದಾರಿಯನ್ನು ನಾವೆಲ್ಲ ಬೈದಿದ್ದೇವೆ. 1931ರಿಂದ ಓಡುತ್ತಿರುವ ಬೀಚ್–ತಾಂಬರಂ ವಿದ್ಯುತ್ ರೈಲಿನಲ್ಲಿ ಜೋತುಬಿದ್ದು ಹೋದವರಿಗೆ ಅದರ ಕಷ್ಟ ಗೊತ್ತು. ಆದರೂ ಮಾಂಬಲದಿಂದ ಕ್ರೋಂಪೇಟೆಯವರೆಗೆ ಯಾರೂ ಏನೂ ಕೇಳದ ಆ ಅರ್ಧ ಗಂಟೆಯಲ್ಲಿ ಎಷ್ಟು ಜನ ಅಧಿಕಾರಿಗಳು ಅಪ್ಪಂದಿರಾಗಿ ಬದಲಾಗುತ್ತಿದ್ದರೋ!

ಕೆಲಸಕ್ಕೂ ಮನೆಗೂ ನಡುವೆ ಇಂಥ ಒಂದು ಎಡೆ ಬೇಕೆಂಬುದು ಹಿಂದಿನ ಮನೆಗಳಿಗೆ ತಿಳಿದಿತ್ತು. ಮೈಲಾಪುರದ ಹಳೆಯ ವಕೀಲರು ಮನೆಯಲ್ಲೇ ಕಕ್ಷಿದಾರರನ್ನು ಕಾಣುತ್ತಿದ್ದರು. ಕಾಣುತ್ತಿದ್ದುದು ಮಾತ್ರ ಬೀದಿ ಬದಿಯ ಕೋಣೆಯಲ್ಲಿ. ನಮ್ಮ ಜಗಲಿಯನ್ನು ಇಲ್ಲಿ ತಿಣ್ಣೈ ಎನ್ನುತ್ತಾರೆ. ಲೇವಾದೇವಿ, ಜಮೀನಿನ ಮಾತು, ಜಗಳ ಎಲ್ಲ ಅಲ್ಲಿಗೇ. ಹೊಸ್ತಿಲ ಒಳಗೆ ಮನೆ. ಹೊರಗಿನಿಂದ ಬಂದವರು ಕಾಲು ತೊಳೆದೇ ಒಳಗೆ ಬರಬೇಕು ಎಂಬ ರೂಢಿಗೆ ಮಣ್ಣು ಕಾರಣ ಎಂದು ಚಿಕ್ಕಂದಿನಲ್ಲಿ ತಿಳಿದಿದ್ದೆ. ಸಂತೆಯ ಮಾತು ಒಳಗೆ ಬಾರದಿರಲಿ ಎಂಬುದೂ ಅದರಲ್ಲಿ ಇದ್ದಿರಬೇಕೆಂದು ಈಗ ಅನ್ನಿಸುತ್ತದೆ. ಆಯುಧಪೂಜೆಯ ದಿನ ನೇಗಿಲಿಗೆ, ಮಗ್ಗಕ್ಕೆ, ಪುಸ್ತಕಕ್ಕೆ ರಜೆ: ಉಪಕರಣಕ್ಕೂ ದಣಿವಿದೆ ಎಂದು ನಂಬಿದ ಜನ ನಾವು. ಆರುನೂರು ಚದರಡಿಯ ಫ್ಲ್ಯಾಟಿನಲ್ಲಿ ಜಗಲಿ ಎಲ್ಲಿಂದ ತರುವುದು? ಊಟದ ಮೇಜಿನ ಮೇಲೆಯೇ ಲ್ಯಾಪ್‌ಟಾಪು, ಅದರ ಮಗ್ಗುಲಲ್ಲೇ ಸಾರಿನ ಪಾತ್ರೆ.

ಗೆರೆ ಎಲ್ಲರಿಗೂ ಬೇಕೇ ಎಂಬ ಪ್ರಶ್ನೆಯನ್ನು ಬದಿಗೆ ಸರಿಸಬಾರದು. ಅಮೆರಿಕದ ಸಮಾಜಶಾಸ್ತ್ರಜ್ಞೆ ಕ್ರಿಸ್ಟೀನಾ ನಿಪರ್ಟ್-ಎಂಗ್ 1996ರ ಪುಸ್ತಕವೊಂದರಲ್ಲಿ ಜನರ ಕೀಲಿಗೊಂಚಲುಗಳನ್ನೂ ಕ್ಯಾಲೆಂಡರುಗಳನ್ನೂ ನೋಡಿ ಬರೆದಿದ್ದಾರೆ. ಮನೆಯ ಕೀಲಿ, ಕಚೇರಿಯ ಕೀಲಿ ಒಂದೇ ಗೊಂಚಲಿನಲ್ಲಿ ಇರಿಸುವವರಿದ್ದಾರೆ, ಬೇರೆ ಬೇರೆ ಇರಿಸುವವರಿದ್ದಾರೆ. ಸಂಗೀತಗಾರರಿಗೆ, ರೈತರಿಗೆ, ಸ್ವಂತ ಅಂಗಡಿಯವರಿಗೆ ಎರಡನ್ನೂ ಕೂಡಿಸಿಕೊಂಡ ಬದುಕೇ ಹಿತ. ಮನೆಯಿಂದ ದುಡಿಯುವ ಅವಕಾಶ ಸಿಕ್ಕಿದ್ದರಿಂದಲೇ ಹೆರಿಗೆಯ ಮೇಲೂ ಕೆಲಸ ಉಳಿಸಿಕೊಂಡ ಹೆಣ್ಣುಮಕ್ಕಳು ನನ್ನ ಬಳಗದಲ್ಲೇ ನಾಲ್ಕೈದು ಜನ ಇದ್ದಾರೆ. ಕೂಡಿಸಿಕೊಂಡವರು ತಾವಾಗಿ ಕೂಡಿಸಿಕೊಂಡರೆ ಅದು ಅವರ ಬದುಕಿನ ರೀತಿ. ಇನ್ನೊಬ್ಬರು ಅವರ ಮನೆಗೆ ಕೈ ಹಾಕಿದರೆ ಅದಕ್ಕೆ ಬೇರೆ ಹೆಸರು ಬೇಕು.

ಈ ಭೇದವನ್ನು ಮರೆತ ಮಾತುಗಳು ಈಚೆಗೆ ದೊಡ್ಡವರಿಂದಲೇ ಬಂದವು. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ಎನ್.ಆರ್. ನಾರಾಯಣಮೂರ್ತಿಯವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಆಂಡ್ ಟಿಯ ಎಸ್.ಎನ್. ಸುಬ್ರಹ್ಮಣ್ಯನ್ ಅವರ ಬಾಯಲ್ಲಿ 90 ಗಂಟೆಯ ಮಾತು ಬಂತು. ಭಾನುವಾರ ಮನೆಯಲ್ಲಿ ಕೂತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂಬರ್ಥದ ಮಾತೂ ಅದರ ಜೊತೆಗಿತ್ತು. ಇಬ್ಬರೂ ಸ್ವತಃ ಬೆವರು ಸುರಿಸಿ ಸಂಸ್ಥೆ ಕಟ್ಟಿದವರು, ಬೆಳೆಸಿದವರು. ಅವರ ದುಡಿಮೆಗೆ ನನಗೆ ಗೌರವವಿದೆ. ಆದರೆ ಲೆಕ್ಕ ಹಾಕಿ ನೋಡಿ. 70 ಗಂಟೆ ಎಂದರೆ ಬ್ರಿಟಿಷ್ ಸರ್ಕಾರ 1922ರಲ್ಲಿ ಗಿರಣಿ ಆಳಿಗೆ ಹಾಕಿದ ಮಿತಿಗಿಂತ 10 ಗಂಟೆ ಹೆಚ್ಚು. 90 ಎಂದರೆ 1911ರ ದಿನಕ್ಕೆ 12 ಗಂಟೆಯ ಆರು ದಿನವನ್ನೂ ಮೀರಿ ಇನ್ನೂ 18 ಗಂಟೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಕೂಡಿ ಹೊರತಂದ ಅಧ್ಯಯನದಂತೆ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. ಅತಿ ದುಡಿಮೆಯಿಂದ 2016ರ ಒಂದೇ ವರ್ಷದಲ್ಲಿ ಸತ್ತವರು ಜಗತ್ತಿನಲ್ಲಿ ಸುಮಾರು 7,45,000.

ಇಂಥ ಚರ್ಚೆಯಲ್ಲಿ ನಮ್ಮವರು ಕೂಡಲೇ ಕಾಯಕವನ್ನು ಎಳೆದು ತರುತ್ತಾರೆ. ಶರಣರು ದುಡಿಮೆಯನ್ನು ಕೈಲಾಸಕ್ಕೆ ಸರಿಗಟ್ಟಿದ್ದು ನಿಜ. ಆದರೆ ಆಯ್ದಕ್ಕಿ ಲಕ್ಕಮ್ಮನ ಕತೆಯನ್ನೂ ಜೊತೆಗಿಟ್ಟು ಓದಬೇಕು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದ. ಇಷ್ಟು ನಮಗೇಕೆ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ಕಾಯಕಕ್ಕೆ ಅಳತೆ ಇದೆ ಎಂದು ಹೇಳಿದವಳು ಮನೆಯಲ್ಲಿದ್ದ ಹೆಂಡತಿ. 90 ಗಂಟೆಯ ಮಾತು ಕೇಳಿದಾಗ ನಾನು ನೆನೆದದ್ದು ಅವಳನ್ನು.

ಮನೆಯಲ್ಲಿದ್ದವಳ ಗಂಟೆಗಳನ್ನು ಯಾರು ಎಣಿಸಿದ್ದಾರೆ? 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಅದಕ್ಕೆಂದು ಕೊಡುವುದು 289 ನಿಮಿಷ, ಗಂಡಸರು 88. ಕಚೇರಿಯಿಂದ ಬಂದ ಗಂಡಸು ಗೆರೆಯ ಈಚೆಗೆ ಕಾಲಿಟ್ಟು ಬಿಡುವಿಗೆ ಬಂದೆ ಎನ್ನುತ್ತಾನೆ. ಹೆಂಗಸು ಅದೇ ಗೆರೆ ದಾಟಿ ಎರಡನೆಯ ಪಾಳಿಗೆ ಹಾಜರಾಗುತ್ತಾಳೆ. ಹೀಗಾಗಿ ಕೆಲಸ–ಬದುಕಿನ ಸಮತೋಲನದ ಬಗ್ಗೆ ಕಂಪನಿಗಳು ನಡೆಸುವ ಶಿಬಿರಗಳಿಗಿಂತ 2022ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಶುರುಮಾಡಿದ ಶಾಲಾ ಉಪಾಹಾರ ಯೋಜನೆ ಹೆಚ್ಚಿನ ಕೆಲಸ ಮಾಡಿದೆ ಎಂದು ನನ್ನ ಎಣಿಕೆ. ಒಂದರಿಂದ ಐದನೆಯ ತರಗತಿಯ ಸರ್ಕಾರಿ ಶಾಲೆಯ ಮಕ್ಕಳಿಗೆ ಬೆಳಿಗ್ಗೆ ಬಿಸಿ ಉಪ್ಪಿಟ್ಟೋ ಪೊಂಗಲ್ಲೋ ಸಿಗುತ್ತದೆ. ಮಕ್ಕಳ ಹಸಿವಿಗೆಂದು ಬಂದ ಯೋಜನೆ ಅದು. ಆದರೆ ಆರು ಗಂಟೆಗೆ ಮನೆಗೆಲಸಕ್ಕೆ ಹೊರಡುವ ತಾಯಿಗೆ ಅದು ಅರ್ಧ ಗಂಟೆ ನಿದ್ದೆಯನ್ನೂ ಕೊಟ್ಟಿತು. ನಮ್ಮ ಮನೆಗೆ ಬರುವಾಕೆ ಹೇಳಿದ್ದು ಇದನ್ನೇ. ಅವಳ ಗೆರೆಯ ಮಾತು ಬಂದರೆ ನಾವು ಮಧ್ಯಮ ವರ್ಗದವರು ಧಣಿಗಳ ಸಾಲಿನಲ್ಲಿ ನಿಲ್ಲುತ್ತೇವೆ. ನಮ್ಮ ಮನೆಯೇ ಅವಳ ಕಚೇರಿ. ಅವಳಿಗೆ ವಾರದ ರಜೆ ಕೊಡುತ್ತೇವೆಯೇ ಎಂದು ಕೇಳಿಕೊಂಡ ಮೇಲೆ ನಮ್ಮ ಬಾಸಿನ ಮಾತಿಗೆ ಬರುವುದು ನ್ಯಾಯ.

ಎಳೆದ ಗೆರೆ ನಿಂತೇ ಇರುತ್ತದೆ ಎನ್ನುವ ಹಾಗಿಲ್ಲ. 2023ರ ಫೆಬ್ರವರಿಯಲ್ಲಿ ಕರ್ನಾಟಕ ದಿನಕ್ಕೆ 12 ಗಂಟೆಯ ಪಾಳಿಗೆ ಎಡೆ ಕೊಡುವಂತೆ ಕಾರ್ಖಾನೆ ಕಾಯ್ದೆ ತಿದ್ದಿತು. ಏಪ್ರಿಲ್ 21ರಂದು ತಮಿಳುನಾಡೂ ಅಂಥದೇ ಮಸೂದೆಯನ್ನು ಅಂಗೀಕರಿಸಿತು. ಇಲ್ಲಿ ಕಾರ್ಮಿಕ ಸಂಘಗಳೂ ಸರ್ಕಾರದ ಮಿತ್ರಪಕ್ಷಗಳೂ ಒಟ್ಟಿಗೆ ಎದ್ದವು. ಮೂರೇ ದಿನದಲ್ಲಿ ಮಸೂದೆ ತಡೆಯಾಯಿತು. ಮೇ 1ರಂದು ಚಿಂತಾದ್ರಿಪೇಟೆಯ ಮೇ ದಿನ ಉದ್ಯಾನದಲ್ಲಿ ಮುಖ್ಯಮಂತ್ರಿ ಸ್ಟಾಲಿನ್ ಅದನ್ನು ಹಿಂತೆಗೆದುಕೊಂಡೆವು ಎಂದರು. ಮುಂದಿನ ವರ್ಷ ಬೆಂಗಳೂರಿನಲ್ಲಿ ಐಟಿ ನೌಕರರ ದಿನವನ್ನು 14 ಗಂಟೆಯವರೆಗೆ ಹಿಗ್ಗಿಸಬಹುದಾದ ಪ್ರಸ್ತಾಪ ಬಂದಾಗ ಅಲ್ಲಿನ ಐಟಿ ನೌಕರರ ಸಂಘ ಬೀದಿಗಿಳಿಯಿತು. ಎರಡೂ ಊರುಗಳಲ್ಲಿ ಗೆರೆ ಕಾದವರು ಗುಂಪಾಗಿ ನಿಂತವರೇ.

ಫೋನಿನ ಗೆರೆಗೂ ಇದೇ ದಾರಿ ಇದೆ. ಜರ್ಮನಿಯ ಫೋಕ್ಸ್‌ವಾಗನ್ 2011ರಲ್ಲಿ ನೌಕರರ ಮಂಡಳಿಯೊಡನೆ ಒಪ್ಪಂದ ಮಾಡಿಕೊಂಡಿತು. ಪಾಳಿ ಮುಗಿದ ಅರ್ಧ ಗಂಟೆಗೆ ಕಂಪನಿಯ ಸರ್ವರೇ ಆ ನೌಕರರ ಫೋನಿಗೆ ಮೇಲ್ ಕಳಿಸುವುದನ್ನು ನಿಲ್ಲಿಸುತ್ತದೆ. ಯಾರೂ ಗಟ್ಟಿ ಮನಸ್ಸು ಮಾಡಬೇಕಾಗಿಲ್ಲ. ಮೇಲ್ ಬಂದರೆ ತಾನೆ! ಫ್ರಾನ್ಸಿನಲ್ಲಿ 2017ರ ಜನವರಿ 1ರಿಂದ, 50 ಮತ್ತು ಅದಕ್ಕೂ ಹೆಚ್ಚು ನೌಕರರಿರುವ ಸಂಸ್ಥೆಗಳು ಸಂಪರ್ಕ ಕಡಿದುಕೊಳ್ಳುವ ಹಕ್ಕಿನ ಬಗ್ಗೆ ಮಾತುಕತೆ ನಡೆಸಲೇಬೇಕು. ಪೋರ್ಚುಗಲ್ 2021ರಲ್ಲಿ, ಆಸ್ಟ್ರೇಲಿಯಾ 2024ರ ಆಗಸ್ಟಿನಲ್ಲಿ ಇದೇ ಹಾದಿ ಹಿಡಿದವು. ನಮ್ಮ ಲೋಕಸಭೆಯಲ್ಲಿ ಸುಪ್ರಿಯಾ ಸುಳೆಯವರು 2018ರಲ್ಲೊಮ್ಮೆ, 2025ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಇಂಥ ಖಾಸಗಿ ಮಸೂದೆ ಮಂಡಿಸಿದರು. 1970ರ ಬಳಿಕ ಯಾವ ಖಾಸಗಿ ಮಸೂದೆಯೂ ಕಾಯ್ದೆಯಾಗಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ದಿನಕ್ಕೆ 8 ಗಂಟೆ ಎಂಬ ಮಾತನ್ನು ಉಳಿಸಿಕೊಂಡಿವೆ, ರಾತ್ರಿ ಹತ್ತಕ್ಕೆ ಬರುವ ಸಂದೇಶದ ವಿಷಯ ಎತ್ತುವುದಿಲ್ಲ. ಆ 8 ಗಂಟೆಯ ಲೆಕ್ಕಕ್ಕೆ ಸಂದೇಶಕ್ಕೆ ಉತ್ತರ ಬರೆದ ಹೊತ್ತನ್ನೂ ಸೇರಿಸಿದರೆ ಅರ್ಧ ಕೆಲಸ ಆದಂತೆ ಎಂದು ನನ್ನ ಅಭಿಪ್ರಾಯ. ಇಮ್ಮಡಿ ಕೂಲಿಯ ನಿಯಮ ಆ ಹೊತ್ತಿಗೂ ತಗುಲಿದರೆ ‘ನಾಳೆ ಬೆಳಿಗ್ಗೆ ಹೇಳಿದರೂ ಆದೀತು’ ಎಂದು ಬಹಳ ಕಂಪನಿಗಳಿಗೆ ತೋಚೀತು.

ಕಾಯ್ದೆ ಬರುವ ತನಕ ಏನೂ ಆಗದು ಎಂದುಕೊಂಡಿದ್ದೆ. ನಮ್ಮ ಮಹಡಿಯಲ್ಲೇ ಇರುವ, ದಾವಣಗೆರೆ ಕಡೆಯ ಹುಡುಗನೊಬ್ಬ ಅದನ್ನು ಸ್ವಲ್ಪ ಬದಲಿಸಿದ. ಅವನದು ಒಂಬತ್ತು ಜನರ ತಂಡ. ರಾತ್ರಿ ಸರ್ವರು ಕೆಟ್ಟರೆ ಒಂಬತ್ತೂ ಜನರ ಫೋನು ಒಟ್ಟಿಗೆ ಕೂಗುತ್ತಿತ್ತು. ಒಬ್ಬ ಸರಿಪಡಿಸುತ್ತಿದ್ದ, ಎಂಟು ಜನ ನಿದ್ದೆಗೆಟ್ಟು ನೋಡುತ್ತಿದ್ದರು. ಒಬ್ಬೊಬ್ಬರಾಗಿ ದೂರಿಕೊಂಡಾಗ ಸಿಕ್ಕ ಉತ್ತರ, ನಿಮ್ಮ ಸಮಯವನ್ನು ನೀವೇ ಸರಿಯಾಗಿ ಹೊಂದಿಸಿಕೊಳ್ಳಿ. ಕೊನೆಗೆ ಒಂಬತ್ತೂ ಜನ ಒಂದು ಮಧ್ಯಾಹ್ನ ಕೂಡಿ ಹೋಗಿ ಮ್ಯಾನೇಜರ ಮುಂದೆ ಕೂತರು. ವಾರಕ್ಕೊಬ್ಬರಂತೆ ಸರದಿ, ಸರದಿಯವರಿಗೆ ಆ ವಾರದ ಭತ್ಯೆ, ಮರುದಿನ ತಡವಾಗಿ ಬರಲು ಬಿಡುವು, ಉಳಿದ ಎಂಟು ಜನರ ನಂಬರು ಗಿರಾಕಿಯ ಪಟ್ಟಿಯಲ್ಲೇ ಇರಬಾರದು. ಎರಡು ತಿಂಗಳು ಎಳೆದಾಡಿ ಒಪ್ಪಿದರಂತೆ.

‘ಈಗ ನಿದ್ದೆ ಬರುತ್ತಾ?’ ಎಂದು ಕೇಳಿದೆ.

‘ಮೊದಲೆರಡು ವಾರ ಬರಲಿಲ್ಲ ಆಂಟಿ. ಫೋನು ಕೂಗದಿದ್ದರೂ ಎಚ್ಚರ ಆಗೋದು.’

ಅವನ ಮಗಳಿಗೆ ಆರು ವರ್ಷ. ಅಪ್ಪನ ಸರದಿ ಯಾವ ವಾರ ಎಂದು ಅವಳಿಗೆ ಕ್ಯಾಲೆಂಡರ್ ನೋಡದೆಯೇ ಗೊತ್ತಾಗುತ್ತದೆ. ಆ ವಾರ ಫೋನು ಊಟದ ಮೇಜಿನ ಮೇಲೆ ಇರುತ್ತದೆ. ಉಳಿದ ಎಂಟು ವಾರ ಸಂಜೆ ಅಪ್ಪ ಕಾಲು ತೊಳೆದು ಬರುವುದರೊಳಗೆ ಅವಳೇ ಅದನ್ನು ಒಯ್ದು ಬಾಗಿಲ ಹೊರಗಿನ ಚಪ್ಪಲಿ ಗೂಡಿನ ಮೇಲಿನ ತಟ್ಟಿನಲ್ಲಿ, ತನ್ನ ಶಾಲೆಯ ಬೂಟಿನ ಪಕ್ಕ ಇಡುತ್ತಾಳೆ.